ಅಣ್ಣನ ಜಗುಲಿಯಿಂದ ಎದ್ದು ಬಂದ ಮೇಲೆ

2008ರ ವಿಧಾನಸಭಾ ಚುನಾವಣೆ ಮುಗಿದಾಗಿನಿಂದ 2016ರ ದೀಪಾವಳಿವರೆಗೆ ನಾನು ಹಾಸನ ಜಿಲ್ಲೆಯ ಒಬ್ಬ ಮುಖಂಡರ ಮನೆ ಜಗುಲಿಯಲ್ಲಿ ಕೂತು ಅರ್ಜಿ ಬರೆದೆ. ಅವರು ಎಂಎಲ್‌ಎ ಅಲ್ಲ, ಹೋಬಳಿ ಮಟ್ಟದವರು. ಆದರೆ ನಮ್ಮ ಸುತ್ತಿನ ಹಳ್ಳಿಗಳಿಗೆ ಸರ್ಕಾರ ಅಂದರೆ ಅವರೇ. ಎಲ್ಲರೂ ಅಣ್ಣ ಅಂತ ಕರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಹೆಸರು, ಊರು, ಪಕ್ಷ ಯಾವುದೂ ಬೇಡ. ನಾನಿದ್ದ 8 ವರ್ಷದಲ್ಲಿ ಅವರು ಎರಡು ಸಲ ಪಕ್ಷ ಬದಲಿಸಿದರು. ಜಗುಲಿ ಅದೇ ಇತ್ತು, ಬರುವ ಜನವೂ ಅದೇ ಜನ.

ರಾಜಕಾರಣಿಗಳು ಅಧಿಕಾರ ಹೇಗೆ ಉಳಿಸಿಕೊಳ್ಳುತ್ತಾರೆ ಅಂತ ಕೇಳಿದರೆ ಹೆಚ್ಚಿನವರು ಮತದಾನದ ಹಿಂದಿನ ರಾತ್ರಿ ಹಂಚುವ ದುಡ್ಡಿನ ಮಾತೆತ್ತುತ್ತಾರೆ. ಅದು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಗೆಲ್ಲುವವರೂ ಹಂಚುತ್ತಾರೆ, ಸೋಲುವವರೂ ಹಂಚುತ್ತಾರೆ. ನಾನು ಕಂಡಿದ್ದು ಉಳಿದ ದಿನಗಳಲ್ಲಿ ನಡೆಯುವ ಕೆಲಸ. ಅದನ್ನು ನಾನೇ ಕೈಯಾರೆ ಮಾಡಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಬೆಳಿಗ್ಗೆ 6 ಗಂಟೆಗೆಲ್ಲ ಜಗುಲಿ ತುಂಬುತ್ತಿತ್ತು. ಬಂದವರಿಗೆಲ್ಲ ಒಳಗಿಂದ ಕಾಫಿ ಬರುತ್ತಿತ್ತು. ಯಾರು ಏನು ಅಂತ ನೋಡದೆ ಕೊಡುತ್ತಿದ್ದರು, ಅದು ಆ ಮನೆಯ ದೊಡ್ಡತನ. ನನ್ನ ಹತ್ತಿರ ಮೂರು ಪುಸ್ತಕ ಇದ್ದವು. ಒಂದರಲ್ಲಿ ಬಂದವರ ಹೆಸರು, ಊರು, ಏನಾಗಬೇಕು ಅನ್ನುವುದು. ಇನ್ನೊಂದರಲ್ಲಿ ಆದ ಕೆಲಸ. ಮೂರನೆಯದು ಮದುವೆ, ತಿಥಿ, ಗೃಹಪ್ರವೇಶದ ಪುಸ್ತಕ. ಎಲ್ಲಿ, ಯಾವತ್ತು, ಎಷ್ಟು ಮುಯ್ಯಿ ಹಾಕಿದ್ದು ಅಂತ. ಚುನಾವಣೆ ಹತ್ತಿರ ಬಂದಾಗ ಅಣ್ಣ ತೆಗೆಯುತ್ತಿದ್ದದ್ದು ಎರಡನೆಯ ಪುಸ್ತಕ ಅಂತ ನೀವು ಅಂದುಕೊಳ್ಳಬಹುದು. ಅಲ್ಲ. ಅವರು ಕೇಳುತ್ತಿದ್ದದ್ದು ಮೊದಲನೆಯದು. ಕೆಲಸ ಇನ್ನೂ ಆಗದವರ ಪಟ್ಟಿ.

ಇದು ಅರ್ಥವಾಗಲು ನನಗೆ ಎರಡು ಮೂರು ವರ್ಷ ಹಿಡಿಯಿತು. ಬಗರ್‌ಹುಕುಂ ಅರ್ಜಿಗಳಿಂದಲೇ ಅರ್ಥವಾಯಿತು. ಸರ್ಕಾರಿ ಜಮೀನು ಉಳುತ್ತಿರುವವರು ಸಕ್ರಮಕ್ಕೆ ಹಾಕುವ ಅರ್ಜಿ ಅದು. 1991ರಲ್ಲಿ ಫಾರಂ 50 ಬಂತು, 1998-99ರಲ್ಲಿ ಫಾರಂ 53, ಆಮೇಲೆ 2018ರಲ್ಲಿ ಫಾರಂ 57. ತೀರ್ಮಾನ ಮಾಡುವ ಸಮಿತಿಗೆ ಆ ಕ್ಷೇತ್ರದ ಎಂಎಲ್‌ಎ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಮ್ಮ ಹೋಬಳಿಯಲ್ಲಿ ಅಪ್ಪ ಹಾಕಿದ ಅರ್ಜಿಯ ನಕಲು ಹಿಡಿದು ಮಗ ಬರುತ್ತಿದ್ದ. ಅರ್ಜಿ ವಜಾ ಆಗಿರುತ್ತಿರಲಿಲ್ಲ, ಮಂಜೂರಾಗಿ ಸಾಗುವಳಿ ಚೀಟಿ ಕೈಗೆ ಬಂದೂ ಇರುತ್ತಿರಲಿಲ್ಲ. "ಮುಂದಿನ ಮೀಟಿಂಗಿಗೆ ಇಡಿಸ್ತೀನಿ ಬಿಡು" ಅಂತ ಅಣ್ಣ ಹೇಳಿ ಕಳಿಸುತ್ತಿದ್ದರು. ಒಂದು ದಿನ ನಾನೇ ಕೇಳಿದೆ, ಇಷ್ಟು ಜನರದ್ದು ಯಾಕಣ್ಣ ಹಾಗೇ ಇದೆ ಅಂತ. ಅವರು ಬಚ್ಚಿಡಲಿಲ್ಲ. "ಸಾಗುವಳಿ ಚೀಟಿ ಸಿಕ್ಕಿದೋನು ಒಂದು ಸಲ ಓಟು ಹಾಕ್ತಾನೆ ಕಣಪ್ಪ. ಸಿಗಬೇಕಾದೋನು ಪ್ರತಿ ಸಲ ಹಾಕ್ತಾನೆ" ಅಂದರು.

ಶಿಫಾರಸು ಪತ್ರದ ಕಥೆಯೂ ಅದೇ. ಎಂಎಲ್‌ಎ ಕಚೇರಿಯ ಪತ್ರ ಕೇಳಿದವರಿಗೆಲ್ಲ ಸಿಗುತ್ತಿತ್ತು. ಆದರೆ ಕೆಲಸ ಆಗಬೇಕಿದ್ದರೆ ಪತ್ರದ ಹಿಂದೆ ಒಂದು ಫೋನ್ ಹೋಗಬೇಕಿತ್ತು. ಫೋನ್ ಹೋಗದ ಪತ್ರವನ್ನು ಕಚೇರಿಯವರು ಫೈಲಿಗೆ ಸೇರಿಸಿ ಸುಮ್ನೆ ಇರುತ್ತಿದ್ದರು. ಕೆಲಸ ಆಗದವರು ಅಣ್ಣನನ್ನು ಬೈಯುತ್ತಿರಲಿಲ್ಲ, ಆ ಗುಮಾಸ್ತನನ್ನು ಬೈಯುತ್ತಿದ್ದರು. ಒಂದೇ ಒಂದು ವಿಷಯದಲ್ಲಿ ಈ ಪತ್ರದ ಬೆಲೆ ಇಳಿದದ್ದನ್ನು ನಾನು ಕಂಡೆ. ಮೇಷ್ಟ್ರುಗಳ ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂದು ಕೌನ್ಸೆಲಿಂಗ್ ಶುರುವಾಗಿತ್ತಲ್ವಾ, ಅದಾದ ಮೇಲೆ ಶಾಲೆ ಮೇಷ್ಟ್ರುಗಳು ಜಗುಲಿಗೆ ಬರುವುದು ಕಡಿಮೆಯಾಯಿತು. ಸೀನಿಯಾರಿಟಿ ಪಟ್ಟಿ ಎಲ್ಲರ ಕಣ್ಣೆದುರು ಇರುವಾಗ ಯಾರ ಪತ್ರ ಏನು ಮಾಡುತ್ತದೆ? ಅದು ನನ್ನ ತಲೆಯಲ್ಲಿ ಉಳಿದುಕೊಂಡಿತು. ಮುಂದೆ ನಾನು ಮಾಡಿದ್ದಕ್ಕೆಲ್ಲ ಅದೇ ಬೀಜ.

2016ರ ದೀಪಾವಳಿಗೆ ಬರುತ್ತೇನೆ. ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಆ ಹೊತ್ತಿಗೆ ಮಾತ್ರ ತೆರೆಯುತ್ತದೆ. ಸಾಲಿನಲ್ಲಿ ನಿಂತರೆ ಗಂಟೆಗಟ್ಟಲೆ. ಹಾಗಾಗಿ ಪಾಸಿಗೆ ನೂಕುನುಗ್ಗಲು. ಬೆಂಗಳೂರಿಂದ ಬಂದ ನೆಂಟರಿಗೆ ಎರಡು ಪಾಸ್ ಬೇಕು, ನನ್ನ ಕೋಣೆಯ ಮೇಜಿನ ಡ್ರಾಯರಿನಲ್ಲಿದೆ, ತಂದು ಕೊಡು ಅಂತ ಅಣ್ಣ ಹೇಳಿದರು. ಆ ಡ್ರಾಯರನ್ನು ನಾನು ಯಾವತ್ತೂ ತೆಗೆದಿರಲಿಲ್ಲ. ಪಾಸುಗಳ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಇತ್ತು. ವಿಧವಾ ವೇತನ, ವಯಸ್ಸಾದವರ ಸಂಧ್ಯಾ ಸುರಕ್ಷಾ ಪಿಂಚಣಿಯ ಮಂಜೂರಾತಿ ಆದೇಶಗಳು. ಮೇಲಿನ ಹಾಳೆಯಲ್ಲಿದ್ದ ಹೆಸರು ನನಗೆ ಗೊತ್ತಿತ್ತು. ಆವತ್ತು ಬೆಳಿಗ್ಗೆ ತಾನೇ ಆ ಅಜ್ಜಿ ಜಗುಲಿಗೆ ಬಂದು ಹೋಗಿದ್ದರು.

ಅದು ಅವರ ನಾಲ್ಕನೇ ಸಲ. ಪ್ರತಿ ಸಲ ಬಸ್ಸಿಗೆ ದುಡ್ಡು ಹೊಂದಿಸಿಕೊಂಡು ಬರುತ್ತಿದ್ದರು. ಕೈಯಲ್ಲಿ ರಾಗಿ ಹೊಟ್ಟಿನಲ್ಲಿ ಹುದುಗಿಸಿದ ಆರು ನಾಟಿ ಕೋಳಿ ಮೊಟ್ಟೆ. "ಮಗಾ, ನಂದು ಇನ್ನೂ ಬಂದಿಲ್ವೇನಪ್ಪ?" ಅಂದಿದ್ದರು. "ಬರುತ್ತೆ ಅಜ್ಜಿ, ಅಣ್ಣ ಹೇಳಿದ್ದಾರೆ" ಅಂತ ನಾನೇ ಹೇಳಿ ಕಳಿಸಿದ್ದೆ. ಆದೇಶದ ತಾರೀಕು ನೋಡಿದೆ. ಎರಡೂವರೆ ತಿಂಗಳು ಹಿಂದಿನದು. ತಿಂಗಳಿಗೆ 500 ರೂಪಾಯಿ ಆಗ. ಮಂಜೂರಾದ ಮೇಲೂ ಹಣ ಶುರುವಾಗಲು ಹೇಗೂ ತಿಂಗಳುಗಳು ಹಿಡಿಯುತ್ತಿದ್ದುದರಿಂದ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಅಣ್ಣನನ್ನು ಕೇಳಿದೆ. ರಾಜ್ಯೋತ್ಸವ ಕಳೆದ ಮೇಲೆ ಶಾಮಿಯಾನ ಹಾಕಿಸಿ, ಎಂಎಲ್‌ಎ ಅವರನ್ನು ಕರೆಸಿ, ಅವರ ಕೈಯಿಂದ ಹಂಚಿಸುವುದು ಅಂತ ಮಾಡಿದ್ದರಂತೆ. "ಅಂಚೆಯಲ್ಲಿ ಬಂದರೆ ಅದು ಸರ್ಕಾರದ್ದು ಕಣೋ. ನಮ್ಮ ಕೈಯಿಂದ ಹೋದರೆ ನಮ್ಮದು" ಅಂದರು. ಕೋಪದಲ್ಲಿ ಹೇಳಿದ ಮಾತಲ್ಲ. ಹುಡುಗನಿಗೆ ಕೆಲಸ ಕಲಿಸುವ ದನಿಯಲ್ಲಿ ಹೇಳಿದರು. ನಾನು ಮಾರನೇ ದಿನದಿಂದ ಹೋಗಲಿಲ್ಲ.

ಹೋಗದೆ ಇರುವುದು ಸುಲಭ. ಮುಂದೇನು ಮಾಡುವುದು ಅನ್ನುವುದು ಕಷ್ಟವಾಯಿತು. ಮೊದಲು ಮಾಡಿದ್ದು ಒಂದು ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು, 10 ರೂಪಾಯಿ ಶುಲ್ಕ. ನಾನು ಕೇಳಿದ್ದು ಇಷ್ಟೇ: ಎರಡು ವರ್ಷದಲ್ಲಿ ನಮ್ಮ ಹೋಬಳಿಗೆ ಮಂಜೂರಾದ ಪಿಂಚಣಿಗಳ ಪಟ್ಟಿ, ಆದೇಶದ ತಾರೀಕು, ಪ್ರತಿಯನ್ನು ಯಾರು ಸಹಿ ಹಾಕಿ ತೆಗೆದುಕೊಂಡರು ಅನ್ನುವ ರಿಜಿಸ್ಟರಿನ ನಕಲು. ಯಾಕೆ, ಏನು, ಯಾರು ತಪ್ಪು ಮಾಡಿದ್ದು ಅಂತ ಏನೂ ಕೇಳಲಿಲ್ಲ. ಹಾಗೆ ಕೇಳಿದರೆ ಉತ್ತರ ತಪ್ಪಿಸಲು ದಾರಿ ಸಿಗುತ್ತದೆ. ಇರುವ ಕಾಗದವನ್ನು ಕೇಳಬೇಕು. 30 ದಿನ ಕಳೆದರೂ ಉತ್ತರ ಬರಲಿಲ್ಲ. ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದೆ. ಆಮೇಲೆ ಬಂತು, ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ತೆಗೆದುಕೊಂಡೆ.

ಆ ರಿಜಿಸ್ಟರಿನ ನಕಲಿನಲ್ಲಿ ಸ್ವೀಕೃತಿ ಕಾಲಂ ನೋಡಿ ನನಗೆ ಕೈ ನಡುಗಿತು. 41 ಹೆಸರಿನ ಎದುರು ಫಲಾನುಭವಿಯ ಸಹಿ ಇರಲಿಲ್ಲ. ಅದರಲ್ಲಿ 18 ಕಡೆ ಇದ್ದದ್ದು ನನ್ನ ಸಹಿ. ಕಚೇರಿಗೆ ಹೋದಾಗ "ಅಣ್ಣನಿಗೆ ಕೊಡಿ" ಅಂತ ಕವರು ಕೊಡುತ್ತಿದ್ದರು, ಸಹಿ ಮಾಡಿ ತರುತ್ತಿದ್ದೆ. ಒಳಗೆ ಏನಿದೆ ಅಂತ ನೋಡಿರಲಿಲ್ಲ. ಆ 18 ಮನೆಗೂ ನಾನು ಹೋದೆ. ನಿಮ್ಮ ಆದೇಶ ಇಂಥ ದಿನ ಆಗಿತ್ತು, ಅದನ್ನು ತೆಗೆದುಕೊಂಡವನು ನಾನು, ನಿಮಗೆ ಸಿಕ್ಕಿದ್ದು ಯಾವಾಗ ಅಂತ ಕೇಳಿದೆ. ಇಬ್ಬರು ತೀರಿಕೊಂಡಿದ್ದರು. ಒಂದು ಮನೆಯಲ್ಲಿ ಮಗಳು, "ಹೋಗ್ಲಿ ಬಿಡಣ್ಣ, ಅಣ್ಣ ಅಷ್ಟಾದರೂ ಮಾಡಿಕೊಟ್ಟರಲ್ಲ" ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ನಮ್ಮೂರಿನ ಅರಳಿಕಟ್ಟೆಯಲ್ಲಿ ಕೂರಲು ಶುರು ಮಾಡಿದೆ. ಅರ್ಜಿ ಬರೆಯುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಆದರೆ ಒಂದು ಬದಲಾವಣೆ ಮಾಡಿಕೊಂಡೆ. ಅರ್ಜಿಯನ್ನು ನಾನು ತೆಗೆದುಕೊಂಡು ಹೋಗುವುದಿಲ್ಲ, ಅವರೇ ನಾಡಕಚೇರಿಗೆ ಹೋಗಬೇಕು, ಸಕಾಲದ ರಸೀದಿ ಇಲ್ಲದೆ ವಾಪಸ್ ಬರಬಾರದು. ಸರ್ಕಾರಿ ಕೆಲಸ ಗೊತ್ತುಪಡಿಸಿದ ದಿನದೊಳಗೆ ಆಗಬೇಕು ಅನ್ನುವ ಈ ಸಕಾಲ ವ್ಯವಸ್ಥೆ 2012ರಿಂದ ಇದೆ. ರಸೀದಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ, ಎಷ್ಟು ದಿನದಲ್ಲಿ ಆಗಬೇಕು ಅಂತಲೂ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, 500 ರೂಪಾಯಿ ದಾಟುವಂತಿಲ್ಲ. ಆ 20 ರೂಪಾಯಿಗಾಗಿ ಯಾರೂ ಹೋರಾಡುವುದಿಲ್ಲ. ಆದರೆ ಕೈಯಲ್ಲಿ ಒಂದು ಸಂಖ್ಯೆ ಇದ್ದರೆ ಕೌಂಟರಿನ ಎದುರು ನಿಲ್ಲುವ ರೀತಿಯೇ ಬೇರೆ. ಸೊಂಟ ನೆಟ್ಟಗಾಗುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗ್ರಾಮಸಭೆ ಇನ್ನೂ ಕಷ್ಟದ್ದು. ಸರ್ಕಾರದ ವಸತಿ ಯೋಜನೆಯ ಮನೆ ಯಾರಿಗೆ ಅಂತ ಆರಿಸಬೇಕಾದದ್ದು ಗ್ರಾಮಸಭೆ. ನಮ್ಮಲ್ಲಿ ಪಟ್ಟಿ ಮೊದಲೇ ಜಗುಲಿಯಲ್ಲಿ ತಯಾರಾಗಿ, ಸಭೆಯ ಪುಸ್ತಕ ಮನೆಮನೆಗೆ ಹೋಗಿ ಸಹಿ ಬೀಳುತ್ತಿತ್ತು. ನಾನು ಜಗಳ ತೆಗೆಯಲಿಲ್ಲ. ಸಭೆಯಲ್ಲಿ ಎದ್ದು ನಿಂತು, "ಪಿಡಿಒ ಸಾರ್, ಪಟ್ಟಿಯನ್ನು ಒಂದು ಸಲ ಜೋರಾಗಿ ಓದಿ, ಹಿಂದೆ ಕೂತವರಿಗೂ ಕೇಳಲಿ" ಅಂತ ಮಾತ್ರ ಕೇಳಿದೆ. ಓದಿದರು. ಆರನೇ ಹೆಸರಿಗೆ ಹಿಂದಿನಿಂದ ಒಬ್ಬ ಹೆಂಗಸು, "ಅವರಿಗೆ ಆರ್‌ಸಿಸಿ ಮನೆ ಐತಲ್ಲ ಸಾರ್" ಅಂದರು. ಸಭೆ ಗಪ್‌ಚುಪ್. ಆಮೇಲೆ ಇನ್ನೊಬ್ಬರು. ಆವತ್ತು ಪಟ್ಟಿಯಿಂದ ಮೂರು ಹೆಸರು ಹೋದವು, ಮೂರು ಬಂದವು. ಅಷ್ಟೇ ಆದದ್ದು. ಆದರೆ ಮುಂದಿನ ಸಭೆಗೆ ಹೆಂಗಸರು ಜಾಸ್ತಿ ಬಂದರು.

ಇದಕ್ಕೆ ಬೆಲೆ ತೆರಬೇಕಾಯಿತು. ಡೇರಿಯಲ್ಲಿ ನಮ್ಮ ಹಾಲಿನ ಫ್ಯಾಟ್ ಇದ್ದಕ್ಕಿದ್ದಂತೆ ಇಳಿಯಿತು. ಹಸು ಅದೇ, ಮೇವು ಅದೇ. ಬೆಳಿಗ್ಗೆ ಸಂಜೆ ನಾನೇ ನಿಂತು, ಬಂದ ರೀಡಿಂಗನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಹದಿನೈದು ದಿನಕ್ಕೆ ಫ್ಯಾಟ್ ಮತ್ತೆ ಮೊದಲಿನಂತಾಯಿತು. ಭಾವಮೈದನ ಬೆಳೆ ಸಾಲದ ಅರ್ಜಿ ಸಹಕಾರ ಸಂಘದಲ್ಲಿ ಒಂದು ವರ್ಷ ಕೂತಿತು, ಅದಕ್ಕೆ ನನ್ನಿಂದ ಏನೂ ಮಾಡಲಾಗಲಿಲ್ಲ. ಅವನು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಡೇರಿ, ಸಹಕಾರ ಸಂಘ ಇವೆರಡೂ ಯಾರ ಕೈಯಲ್ಲಿವೆ ಅನ್ನುವುದು ಎಂಎಲ್‌ಎ ಯಾರು ಅನ್ನುವುದಕ್ಕಿಂತ ನಮ್ಮ ಹಳ್ಳಿಯ ಬದುಕಿಗೆ ಹತ್ತಿರದ ಪ್ರಶ್ನೆ. ಮಹಾಸಭೆಗಳಿಗೆ ಹೋಗದೆ ಕೂತರೆ ಸಂಘದಲ್ಲಿ ನಮ್ಮ ಮಾತೇ ಇರುವುದಿಲ್ಲ. ದಯವಿಟ್ಟು ಹೋಗಿ.

ಮೇಲಿನ ಹೆಸರು ಬದಲಾದರೆ ಎಲ್ಲ ಬದಲಾಗುತ್ತದೆ ಅಂತ ನಾನೂ ನಂಬಿದ್ದೆ. ಹಾಸನವನ್ನು ಒಂದೇ ಮನೆತನದ ಕೋಟೆ ಅನ್ನುತ್ತಾರೆ. ಆದರೆ 1999ರಲ್ಲಿ ಮಾಜಿ ಪ್ರಧಾನಿ ದೇವೇಗೌಡರೇ ಇಲ್ಲಿ ಲೋಕಸಭೆಗೆ ಸೋತರು. ಅವರನ್ನು ಸೋಲಿಸಿದ ಜಿ. ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ 2024ರಲ್ಲಿ ದೇವೇಗೌಡರ ಮೊಮ್ಮಗನನ್ನು ಸೋಲಿಸಿದರು. ಪಕ್ಕದ ಚಿಕ್ಕಮಗಳೂರಿನಲ್ಲಿ ನಾಲ್ಕು ಸಲ ಗೆದ್ದಿದ್ದ ಸಿ.ಟಿ. ರವಿ 2023ರಲ್ಲಿ ಸೋತರು. ಗೆದ್ದ ಎಚ್.ಡಿ. ತಮ್ಮಯ್ಯ ಅದೇ ವರ್ಷ ಅವರ ಪಕ್ಷ ಬಿಟ್ಟು ಬಂದವರು. ಜನ ಮನಸ್ಸು ಮಾಡಿದರೆ ಎಂಥವರನ್ನೂ ಇಳಿಸುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಫಲಿತಾಂಶ ಬಂದ ಮಾರನೇ ಬೆಳಿಗ್ಗೆ ಅಣ್ಣನ ಜಗುಲಿಯಲ್ಲಿ ಕಾಫಿ ಕುಡಿಯುವವರು ಕಡಿಮೆಯಾಗಲಿಲ್ಲ. ಮೇಲಾಗಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು, 2021ಕ್ಕೆ ಅವಧಿ ಮುಗಿಯಿತು, ಆಮೇಲೆ ವರ್ಷಗಳೇ ಕಳೆದವು. ಕೇಳಲು ಒಬ್ಬ ಸದಸ್ಯನೂ ಇಲ್ಲದಿದ್ದರೆ ಜನ ಎಲ್ಲಿಗೆ ಹೋಗಬೇಕು? ಮತ್ತೆ ಜಗುಲಿಗೇ.

ನಾನು ಸೋತ ಜಾಗವೂ ಒಂದಿದೆ. ಆರಂಭದಲ್ಲಿ "ಅಣ್ಣನ ಮನೆಗೆ ಹೋಗಬೇಡಿ" ಅಂತ ಹೇಳುತ್ತಿದ್ದೆ. ಒಂದು ಮಳೆಗಾಲದ ರಾತ್ರಿ ನಮ್ಮ ಬೀದಿಯ ಹುಡುಗಿಗೆ ಹೆರಿಗೆ ನೋವು ಬಂತು. ಆಂಬುಲೆನ್ಸ್ ಬರಲಿಲ್ಲ. ಕಾರು ಕಳಿಸಿದ್ದು ಅಣ್ಣ. ಹಾಸನದ ಆಸ್ಪತ್ರೆಗೆ ಫೋನ್ ಮಾಡಿ, ಬೆಳಗಿನ ಜಾವದವರೆಗೆ ಎಚ್ಚರವಾಗಿದ್ದವರೂ ಅವರೇ. ಆ ಹೊತ್ತಿನಲ್ಲಿ ನನ್ನ ರಸೀದಿ, ನನ್ನ ಅರ್ಜಿ ಯಾವ ಉಪಯೋಗಕ್ಕೂ ಬರಲಿಲ್ಲ. ಆಮೇಲೆ ನಾನು ಹಾಗೆ ಹೇಳುವುದನ್ನು ಬಿಟ್ಟೆ. ಈಗ ಹೇಳುವುದು ಬೇರೆ. ಕಾರು ಅಣ್ಣನದು, ಅದಕ್ಕೆ ಕೈ ಮುಗಿಯಿರಿ. ಪಿಂಚಣಿ ಅಣ್ಣನದಲ್ಲ, ಅದಕ್ಕೆ ಯಾರಿಗೂ ಕೈ ಮುಗಿಯಬೇಡಿ. ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆಯಬೇಡಿ.

ಮೊಟ್ಟೆ ತಂದಿದ್ದ ಅಜ್ಜಿಗೆ ಆದೇಶ ಸಿಕ್ಕಿದ್ದು ಆ ಶಾಮಿಯಾನದಲ್ಲೇ, ಎಂಎಲ್‌ಎ ಕೈಯಿಂದ. ಫೋಟೋ ಕೂಡ ತೆಗೆದರು. ನಾನು ಅವರ ಮನೆಗೆ ಹೋಗಿ ತಾರೀಕು ತೋರಿಸಿದಾಗ ಅವರಿಗೆ ಓದಲು ಬರುತ್ತಿರಲಿಲ್ಲ, ಸುಮ್ನೆ ಕೇಳಿಸಿಕೊಂಡರು. ಒಂದೂವರೆ ವರ್ಷ ಕಳೆದು ಒಂದು ಸೋಮವಾರ ನಾಡಕಚೇರಿಯ ಸಾಲಿನಲ್ಲಿ ಸಿಕ್ಕರು. ಪಕ್ಕದ ಮನೆಯ, ಗಂಡ ತೀರಿಕೊಂಡ ಚಿಕ್ಕ ವಯಸ್ಸಿನ ಹೆಣ್ಣುಮಗಳನ್ನು ಕರೆದುಕೊಂಡು ಬಂದಿದ್ದರು. ಕೌಂಟರಿನ ಹುಡುಗ ಅರ್ಜಿ ತೆಗೆದುಕೊಂಡು, ಆಯ್ತು ಹೋಗಿ ಅಂದ. ಅಜ್ಜಿ ಕದಲಲಿಲ್ಲ. "ನಂಬರಿರೋ ಚೀಟಿ ಕೊಡಪ್ಪ, ತಗೊಂಡೇ ಹೋಗ್ತೀವಿ" ಅಂದರು. ಅವನು ಪ್ರಿಂಟ್ ತೆಗೆದು ಕೊಟ್ಟ. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ, ಆ ಹುಡುಗಿಯ ಸೆರಗಿನ ತುದಿಯಲ್ಲಿಟ್ಟು, ತಾವೇ ಗಂಟು ಹಾಕಿದರು.