ಅಮೆರಿಕದಲ್ಲಿ ಎಲ್‌ಎಲ್‌ಎಂ: ಮೊದಲು ಕಾಗದಪತ್ರ, ಆಮೇಲೆ ಕಾಲೇಜು

ನ್ಯೂಯಾರ್ಕ್ ಬಾರ್ ಪರೀಕ್ಷೆಯ (ಅಲ್ಲಿ ವಕೀಲರಾಗಲು ಬರೆಯುವ ಪರೀಕ್ಷೆ) ಮೇಲೆ ಕಣ್ಣಿಟ್ಟು ಎಲ್‌ಎಲ್‌ಎಂಗೆ (ಕಾನೂನಿನ ಸ್ನಾತಕೋತ್ತರ ಪದವಿ) ಹೊರಡುವವರು ತಯಾರಿಯನ್ನು ಪರೀಕ್ಷೆಯ ಕಡೆಯಿಂದ ಲೆಕ್ಕ ಹಾಕಬೇಕು. ನಾನು ಕಾಲೇಜುಗಳ ರ‍್ಯಾಂಕಿಂಗ್ ನೋಡುವ ಮೊದಲು ಪಾಸ್‌ಪೋರ್ಟ್, ಅಂಕಪಟ್ಟಿ, ಪದವಿಪತ್ರ ಎದುರಿಗಿಟ್ಟು ಹೆಸರು ಹೋಲಿಸಿದೆ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಎಷ್ಟೋ ಸಲ ಖಾಲಿ. ಹಾಗೇ ಬಿಟ್ಟರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಆಮೇಲೆ ಬ್ಯಾಂಕ್ ಖಾತೆಯಿಂದ ಬಾರ್ ಅರ್ಜಿವರೆಗೆ ಅದೇ ತಕರಾರು. ಪಾಸ್‌ಪೋರ್ಟ್ ತಿದ್ದಿಸಿಕೊಂಡೇ ಅರ್ಜಿ ಹಾಕಿ.

ಬಹುತೇಕ ಕಾನೂನು ಶಾಲೆಗಳು ಅಂಕಪಟ್ಟಿಯನ್ನು ಎಲ್‌ಎಸ್‌ಎಸಿ ಎಂಬ, ಕಾನೂನು ಶಾಲೆಗಳ ಪ್ರವೇಶದ ದಾಖಲೆ ನೋಡಿಕೊಳ್ಳುವ ಸಂಸ್ಥೆಯ ಮೂಲಕ ತರಿಸಿಕೊಳ್ಳುತ್ತವೆ. ಅದು ವಿಶ್ವವಿದ್ಯಾಲಯದಿಂದಲೇ, ಮುಚ್ಚಿದ ಲಕೋಟೆಯಲ್ಲಿ, ನಿಮ್ಮ ಎಲ್‌ಎಸ್‌ಎಸಿ ಖಾತೆ ಸಂಖ್ಯೆಯಿರುವ ಫಾರ್ಮ್ ಸಮೇತ ಹೋಗಬೇಕು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಕಾಲೇಜಿನ ಪ್ರಾಂಶುಪಾಲರ ಮೊಹರು ಸಾಲದು. ಬ್ಯಾಕ್‌ಲಾಗ್ ಇದ್ದರೆ ಆ ಪ್ರಯತ್ನಗಳ ಅಂಕಪಟ್ಟಿಯೂ ಸೇರಲಿ.

ಇದೇ ಓಡಾಟದಲ್ಲಿ ಇನ್ನೊಂದು ಲಕೋಟೆ ನ್ಯೂಯಾರ್ಕಿನ ಬಾರ್ ಮಂಡಳಿಗೂ ಹೋಗಲಿ. ವಿದೇಶಿ ಪದವಿಯ ಅರ್ಹತಾ ಪರಿಶೀಲನೆಗೆ ಅವರಿಗೆ ಬೇರೆಯೇ ಪ್ರತಿ ಬೇಕು. ಜುಲೈ ಪರೀಕ್ಷೆಗೆ ಹಿಂದಿನ ವರ್ಷದ ಅಕ್ಟೋಬರ್ ಒಳಗೇ ದಾಖಲೆ ಕೇಳುತ್ತಾರೆ. ತರಗತಿ ಶುರುವಾಗುವುದು ಆಗಸ್ಟಿನಲ್ಲಿ. ಅಲ್ಲಿಗೆ ಹೋಗಿ ಇಲ್ಲಿನ ಕಚೇರಿಯ ಬೆನ್ನು ಹತ್ತುವುದು ಆಗದ ಮಾತು.

ವಿಷಯ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ನ್ಯೂಯಾರ್ಕಿಗೆ ಕನಿಷ್ಠ 24 ಕ್ರೆಡಿಟ್ ಬೇಕು. ಅವುಗಳಲ್ಲಿ ಕನಿಷ್ಠ ಇಷ್ಟು ಇರಲೇಬೇಕು: ವೃತ್ತಿನೀತಿಗೆ 2, ಕಾನೂನು ಸಂಶೋಧನೆ ಮತ್ತು ಬರವಣಿಗೆಗೆ 2, ಅಮೆರಿಕದ ಕಾನೂನು ವ್ಯವಸ್ಥೆಯ ಪರಿಚಯಕ್ಕೆ 2, ಬಾರ್ ಪರೀಕ್ಷೆಯ ವಿಷಯಗಳಲ್ಲಿ 6. ಮಾನವ ಹಕ್ಕು, ಟೆಕ್ ಕಾನೂನು ಎಂದು ಆಸೆಪಟ್ಟು ತುಂಬಿಸಿಕೊಂಡವರಿಗೆ ಕೊನೆಯ ಸೆಮಿಸ್ಟರಿನಲ್ಲಿ ಆ 6ರಲ್ಲಿ ಕೊರತೆ ಕಾಣುತ್ತದೆ. ಎಲ್‌ಎಲ್‌ಎಂ ವಿದ್ಯಾರ್ಥಿಗಳಿಗೆ ಬಾರ್ ಪರೀಕ್ಷೆಯ ವಿಷಯವಾದ ಎವಿಡೆನ್ಸ್ (ಸಾಕ್ಷ್ಯ ಕಾನೂನು) ತರಗತಿಯಲ್ಲಿ ಸೀಟು ಬೇಗ ಮುಗಿಯಬಹುದು, ಹಾಗಾಗಿ ಅದನ್ನು ಮೊದಲ ಸೆಮಿಸ್ಟರಿಗೇ ಹಾಕಿಕೊಳ್ಳುವುದು ಒಳ್ಳೆಯದು. ಪರೀಕ್ಷೆಯಲ್ಲದೆ 50 ಗಂಟೆಗಳ ಉಚಿತ ಕಾನೂನು ಸೇವೆಯನ್ನೂ ತೋರಿಸಬೇಕು. ಮೇಲ್ವಿಚಾರಕ ವಕೀಲರ ಪ್ರಮಾಣಪತ್ರಕ್ಕೆ ಕೆಲಸ ಮುಗಿದ ದಿನವೇ ಸಹಿ ಹಾಕಿಸಿಕೊಳ್ಳಿ.

ಖರ್ಚಿನ ಮಾತು: ಕೊಲಂಬಿಯಾ, ಎನ್‌ವೈಯುಗಳಲ್ಲಿ ಬರೀ ಟ್ಯೂಷನ್ 70,000 ಡಾಲರ್ ದಾಟುತ್ತದೆ. ಭಾರತದಲ್ಲಿ ವಕೀಲಿಕೆಯ ಸನ್ನದಿಗೆ ಎಲ್‌ಎಲ್‌ಎಂ ಬೇಕಿಲ್ಲ, ಎಲ್‌ಎಲ್‌ಬಿ ಸಾಕು. ಧಾರವಾಡ ಪೀಠದಲ್ಲೇ ವಕೀಲಿಕೆ ಮಾಡುವೆ ಎನ್ನುವವರಿಗೆ ಈ ಸಾಲ, ನನ್ನ ಮಟ್ಟಿಗೆ, ದಂಡ.