ಕುಶಾಲನಗರಕ್ಕೊಂದು ಎಂಜಿನ್ ಶೆಡ್: ರಟ್ಟು, ಫಾಯಿಲ್, ಒಂದಿಷ್ಟು ಮಸಿ

ಕೊಡಗಿನಲ್ಲಿ ರೈಲು ಅಂದರೆ ನೆನಪಾಗುವುದು ಮಡಿಕೇರಿ ರಾಜಾಸೀಟಿನ ಪುಟಾಣಿ ರೈಲು, ಅಷ್ಟೇ. ಮೈಸೂರು–ಕುಶಾಲನಗರ ಮಾರ್ಗದ ಮಾತು ಎಷ್ಟೋ ವರ್ಷದಿಂದ ಕಿವಿಗೆ ಬೀಳುತ್ತಲೇ ಇದೆ. ಕಾಯುವುದು ಯಾಕೆ ಅಂತ ನಾನು ಮೇಜಿನ ಮೇಲೇ ಕುಶಾಲನಗರಕ್ಕೆ ಮಾದರಿ ರೈಲಿನ ಹಳಿ ಹಾಕಿಕೊಂಡೆ. ಈಗ ಅಲ್ಲಿ ಉಗಿ ಎಂಜಿನ್ ನಿಲ್ಲಲು ಒಂದು ಶೆಡ್ ಬೇಕು.

ಅಳತೆ

ನನ್ನದು ಎಚ್‌ಓ ಸ್ಕೇಲ್, ಅಂದರೆ 1:87. ನಿಜದ 87 ಸೆಂ.ಮೀ. ಇಲ್ಲಿ 1 ಸೆಂ.ಮೀ. ಆಳೆತ್ತರದ ಮನುಷ್ಯ 2 ಸೆಂ.ಮೀ. ಇದೊಂದು ನೆನಪಿದ್ದರೆ ಕ್ಯಾಲ್ಕುಲೇಟರ್ ಬೇಡ. ಅಂಗಡಿಯ ಎಚ್‌ಓ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಅದು 1435 ಮಿ.ಮೀ. ಹಳಿಯ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಹಾಗಾಗಿ ಸರಿಯಾಗಿ ನೋಡಿದರೆ 19 ಮಿ.ಮೀ. ದಾಟಬೇಕು. ಅದಕ್ಕೆ ತಲೆ ಕೆಡಿಸಿಕೊಳ್ಳುವವರು ಇದ್ದಾರೆ, ನಾನಂತೂ ಇಲ್ಲ.

ನನ್ನ ಎಂಜಿನ್ 22 ಸೆಂ.ಮೀ. ಇದೆ. ಶೆಡ್ 28 ಸೆಂ.ಮೀ. ಉದ್ದ, 7.5 ಅಗಲ, ಗೋಡೆ 7.5 ಎತ್ತರ. ಬಾಗಿಲು 5 ಅಗಲ, ಹಳಿಯಿಂದ 6 ಎತ್ತರ. ಗೋಡೆ ಕತ್ತರಿಸುವ ಮೊದಲು ಬೇರೆ ರಟ್ಟಿನ ತುಂಡಿನಲ್ಲಿ ಇದೇ ಅಳತೆಯ ಬಾಗಿಲು ಕತ್ತರಿಸಿ, ನಿಮ್ಮ ಎಂಜಿನ್ನನ್ನು ಅದರಲ್ಲಿ ಒಮ್ಮೆ ತೂರಿಸಿ ನೋಡಿ. ಹಳಿ ಬಾಗಿಲ ಹತ್ತಿರವೇ ತಿರುಗುತ್ತಿದ್ದರೆ ಎಂಜಿನ್ನಿನ ಮೂಲೆ ಚೌಕಟ್ಟಿಗೆ ಉಜ್ಜುತ್ತದೆ.

ಗೋಡೆ

2 ಮಿ.ಮೀ. ರಟ್ಟು ಸಾಕು. ಆದರೆ ಇದು ಕೊಡಗು. ನನ್ನ ಮೊದಲ ಶೆಡ್ ಬೇಸಿಗೆಯಲ್ಲಿ ನೆಟ್ಟಗೆ ನಿಂತಿತ್ತು, ಮಳೆಗಾಲದ ಕಕ್ಕಡ ತಿಂಗಳಲ್ಲಿ ಹಪ್ಪಳದ ಹಾಗೆ ಸುರುಟಿಕೊಂಡಿತು. ಒಂದೇ ಬದಿಗೆ ವಾರ್ನಿಷ್ ಹೊಡೆದದ್ದೇ ತಪ್ಪು. ಎರಡೂ ಬದಿಗೆ, ಅಂಚಿಗೂ, ಅಂಟಿಸುವ ಮೊದಲೇ ಹೊಡೆಯಿರಿ. ಅಂಟಿಸುವ ಜಾಗವನ್ನು ಮಾತ್ರ ಆಮೇಲೆ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಒಳಮೂಲೆಗಳಿಗೆ ಮರದ ಚೌಕ ಕಡ್ಡಿ ಕೊಡಿ.

ಇಟ್ಟಿಗೆಗೆ ಹಳೆಯ ಲಗ್ನಪತ್ರಿಕೆ ಒಳ್ಳೆಯದು. ನಮ್ಮ ಮನೆಗಳಲ್ಲಿ ಅದಕ್ಕೇನು ಬರವೇ? ಒಂಬತ್ತು ಇಂಚಿನ ಇಟ್ಟಿಗೆ ಇಲ್ಲಿ 2.6 ಮಿ.ಮೀ. ಉದ್ದ, ಎತ್ತರ ಒಂದು ಮಿ.ಮೀ.ಗಿಂತ ತುಸು ಕಮ್ಮಿ. ಖಾಲಿಯಾದ ಬಾಲ್‌ಪೆನ್ನಿನಿಂದ ಮಿಲಿಮೀಟರಿಗೊಂದು ಗೆರೆ ಒತ್ತಿ, ಬಣ್ಣ ಬಳಿದು, ಗೋಡೆಗೆ ಅಂಟಿಸಿ. ಎಲ್ಲ ಇಟ್ಟಿಗೆಯೂ ಒಂದೇ ಕೆಂಪಿದ್ದರೆ ಸುಳ್ಳು ಅನಿಸುತ್ತದೆ.

ಪಿಟ್

ಎಂಜಿನ್ನಿನ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ ಇಲ್ಲದಿದ್ದರೆ ಅದು ಸುಮ್ನೆ ಗೋಡೌನ್. ಹಳಿಗಳ ನಡುವೆ 12 ಮಿ.ಮೀ. ಅಗಲ, ಅಷ್ಟೇ ಆಳ. ಮೊದಲು ಎರಡೂ ಹಳಿಯ ಬುಡವನ್ನು ತಳಕ್ಕೆ ಗಟ್ಟಿಯಾಗಿ ಅಂಟಿಸಿ, ಒಣಗಿದ ಮೇಲೆ ಸ್ಲೀಪರುಗಳ (ಹಳಿಯಡಿಯ ಅಡ್ಡಪಟ್ಟಿಗಳ) ನಡುಭಾಗ ಕತ್ತರಿಸಿ. ಉಲ್ಟಾ ಮಾಡಿದರೆ ಹಳಿ ಜರುಗುತ್ತದೆ. ಒಂದು ವ್ಯಾಗನ್ ತಳ್ಳಿ ನೋಡಿ. ಎರಡೂ ತುದಿಗೆ ಮೆಟ್ಟಿಲು. ತಳಕ್ಕೆ ಕಪ್ಪು ಬಣ್ಣ, ಮೇಲೆ ಒಂದೆರಡು ಹನಿ ಹೊಳೆಯುವ ವಾರ್ನಿಷ್. ಎಣ್ಣೆ ಚೆಲ್ಲಿದ ಹಾಗೇ ಕಾಣುತ್ತದೆ.

ಮಾಡು

ಮಾಡಿಗೆ, ಅಂದರೆ ಛಾವಣಿಗೆ, ಮಂಗಳೂರು ಹೆಂಚು ಹೊದಿಸುವ ಆಸೆ ನನಗೂ ಇತ್ತು. ಲೆಕ್ಕ ಹಾಕಿದರೆ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಬೇಕು, ಒಂದೊಂದೂ ಉಗುರಿನ ತುಂಡಿನಷ್ಟು. ತಗಡೇ ಸರಿ ಅಂತ ಬಿಟ್ಟೆ.

ಅಲೆಅಲೆ ತಗಡಿನ ಒಂದು ಅಲೆ ನಿಜದಲ್ಲಿ ಮೂರು ಇಂಚು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 6 ಮಿ.ಮೀ. ಥ್ರೆಡ್ ರಾಡಿನ ಮರೆ, ಅಂದರೆ ತಿರುಪಿನ ಸುತ್ತು, 1 ಮಿ.ಮೀ.ಗೊಂದು. ಹತ್ತಿರ ಹತ್ತಿರ ಸರಿಹೋಯಿತು ಅಲ್ವಾ? ಸೈಕಲ್ ಟ್ಯೂಬಿನ ತುಂಡಿನ ಮೇಲೆ ದಪ್ಪ ಅಲ್ಯೂಮಿನಿಯಂ ಫಾಯಿಲ್ ಇಟ್ಟು, ರಾಡನ್ನು ಲಟ್ಟಣಿಗೆಯಂತೆ ಒತ್ತಿ ಉರುಳಿಸಿ. ಗೆರೆಗಳು ತುಸು ಓರೆಯಾಗಿ ಬರುತ್ತವೆ, ಮರೆಯ ಸ್ವಭಾವವೇ ಅದು. ಗೆರೆಗೆ ಸಮನಾಗಿ ಕತ್ತರಿಸಿದರೆ ಮುಗಿಯಿತು. 3 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಶೀಟುಗಳನ್ನು ಸೂರಿನಿಂದ ಮೇಲಕ್ಕೆ, ಒಂದರ ಮೇಲೊಂದು ಸ್ವಲ್ಪ ಬರುವಂತೆ ಹೊದಿಸಿ.

ನೆತ್ತಿಯಲ್ಲಿ ಹೊಗೆ ಹೋಗಲು ದಾರಿ ಬಿಡಿ. ಉದ್ದಕ್ಕೂ ಸೀಳು ಬಿಟ್ಟು, 5 ಮಿ.ಮೀ. ಎತ್ತರದ ಕಡ್ಡಿಗಳ ಮೇಲೆ ಇನ್ನೊಂದು ಪುಟ್ಟ ಮಾಡು.

ಮಸಿ, ತುಕ್ಕು

ಇಲ್ಲಿ ಅವಸರ ಬೇಡ. ಮಸಿ ಎಲ್ಲಿಂದ ಬರುತ್ತದೆ ಯೋಚಿಸಿ. ಎಂಜಿನ್ನಿನ ಚಿಮಣಿ ಬಾಗಿಲ ನಡುವಿನಲ್ಲೇ ದಾಟುತ್ತದೆ, ಹಾಗಾಗಿ ಬಾಗಿಲ ಮೇಲೆ ನಡುವಿನಲ್ಲಿ ಕಡುಕಪ್ಪು, ಬದಿಗೆ ಹೋದಂತೆ ತೆಳು. ಮಾಡಿನ ಒಳಭಾಗವಂತೂ ಪೂರ್ತಿ ಕಪ್ಪು. ಒಲೆಯ ಇದ್ದಿಲನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಒಣ ಬ್ರಷ್ಷಿನಿಂದ ಉಜ್ಜಿ. ತುಕ್ಕನ್ನು ಕಲಿಯಲು ಯಾವುದಾದರೂ ತೋಟದ ಕಾರ್ಮಿಕರ ಲೈನ್ ಮನೆಯ ಮಾಡು ನೋಡಿ: ಮೊಳೆಯ ತೂತಿನಿಂದ, ಶೀಟಿನ ಅಂಚಿನಿಂದ ಶುರುವಾಗಿ ಕೆಳಕ್ಕೆ ಇಳಿದಿರುತ್ತದೆ. ಅಡ್ಡಕ್ಕೆ ಎಳೆಯಬೇಡಿ. ಎಂಜಿನ್ನಿನ ಕೊಳೆ ನೋಡಬೇಕಾದರೆ 1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂ ಇದೆ. ಆದರೆ ಅಲ್ಲಿನ ಎಂಜಿನ್‌ಗಳು ಬಣ್ಣ ಹಚ್ಚಿಕೊಂಡು ಮದುವೆಗೆ ಹೊರಟಂತಿರುತ್ತವೆ.

ಪಾಚಿ ಬೇಕೋ ಬೇಡವೋ ಊರಿನ ಮೇಲೆ ನಿಂತಿದೆ. ಶೆಡ್ ಭಾಗಮಂಡಲದ್ದಾಗಿದ್ದರೆ ಗೋಡೆಯ ಅರ್ಧದವರೆಗೂ ಹಸಿರು ಬಳಿಯಬಹುದಿತ್ತು. ಕುಶಾಲನಗರದಲ್ಲಿ ಮಳೆ ಕಮ್ಮಿ. ಗೋಡೆಯ ಬುಡಕ್ಕೆ 3–4 ಮಿ.ಮೀ. ಕೆಮ್ಮಣ್ಣು ಸಿಡಿದಂತೆ ಮಾಡಿದರೆ ಸಾಕು. ಅಂಗಳಕ್ಕೆ ಕಾಫಿ ಚರಟ ಹಾಕಬೇಡಿ. ಬಣ್ಣ ಚೆನ್ನಾಗಿರುತ್ತದೆ, ಆದರೆ ನನ್ನದಕ್ಕೆ ಎರಡೇ ವಾರದಲ್ಲಿ ಬೂಷ್ಟು ಹಿಡಿಯಿತು.

ಕೊನೆಯದಾಗಿ ಮಾಡನ್ನು ಗೋಡೆಗೆ ಅಂಟಿಸಬೇಡಿ, ಸುಮ್ನೆ ಕೂರಿಸಿ. ಎಂಜಿನ್ ಹಳಿ ತಪ್ಪುವುದು ಯಾವಾಗಲೂ ಶೆಡ್ಡಿನ ಒಳಗೇ, ಅದೂ ಕೈ ಹೋಗದ ಆ ಹಿಂದಿನ ತುದಿಯಲ್ಲಿ.