ಬಾತ್‌ಟಬ್ ಕೊಳ್ಳುವ ಮುಂಚೆ ಒಮ್ಮೆ ಅದರಲ್ಲಿ ಕೂತು ನೋಡಿ

ಹಳೇ ಫ್ಲ್ಯಾಟಿನ ಬಚ್ಚಲುಮನೆ ಒಡೆಸಿ ಹೊಸದು ಮಾಡಿಸುವಾಗ ಮನೆಯಲ್ಲಿ ಯಾರಾದರೂ ಒಬ್ಬರು 'ಒಂದು ಟಬ್ ಹಾಕಿಸೋಣ' ಅನ್ನುತ್ತಾರೆ. ಹಾಕಿಸಿ, ತಪ್ಪೇನಿಲ್ಲ. ದಿನವಿಡೀ ನಿಂತು ದುಡಿದು ಬಂದವರಿಗೆ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಮೈಚೆಲ್ಲಿ ಕೂರುವ ಸುಖವೇ ಬೇರೆ. ಆದರೆ ಎಷ್ಟೋ ಮನೆಗಳಲ್ಲಿ ಅಷ್ಟು ದುಡ್ಡು ಸುರಿದು ತಂದ ಟಬ್ಬು ವರ್ಷ ತುಂಬುವುದರೊಳಗೆ ಒಗೆಯುವ ಬಟ್ಟೆ ರಾಶಿ ಹಾಕುವ ಜಾಗವಾಗಿರುತ್ತದೆ. ಕಾರಣ ಹೆಚ್ಚಾಗಿ ಎರಡೇ: ಕೂತರೆ ಹಿತವಾಗಿಲ್ಲ, ಇಲ್ಲವೇ ತುಂಬುವಷ್ಟು ಬಿಸಿನೀರಿಲ್ಲ.

ಮೊದಲು ಬಿಸಿನೀರಿನ ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಗೀಸರ್ ಎಷ್ಟು ಲೀಟರಿನದು ನೋಡಿ. ಐದು ಅಡಿಯ ಟಬ್ಬಿನಲ್ಲಿ ಒಬ್ಬರು ಕೂತು ಎದೆಮಟ್ಟ ನೀರು ಬರಬೇಕಾದರೆ ಸುಮಾರು 120 ಲೀಟರ್ ಬೇಕು. ಮೈಗೆ ಹಿತವಾದ ಬಿಸಿ ಅಂದರೆ 38–40 ಡಿಗ್ರಿ. ಗೀಸರ್ ನೀರು 60 ಡಿಗ್ರಿ, ನಲ್ಲಿ ನೀರು 24 ಡಿಗ್ರಿ ಅಂತ ಇಟ್ಟುಕೊಂಡರೆ 50 ಲೀಟರ್ ಬಿಸಿನೀರಿಗೆ 70 ಲೀಟರ್ ತಣ್ಣೀರು ಬೆರೆಸಬೇಕು. ನಮ್ಮ ಬಚ್ಚಲುಗಳಲ್ಲಿ ಸಾಮಾನ್ಯವಾಗಿ ಇರುವುದು 15 ಅಥವಾ 25 ಲೀಟರ್ ಗೀಸರ್. ಅದರಲ್ಲಿ ಟಬ್ ಅರ್ಧ ತುಂಬುವಷ್ಟರಲ್ಲಿ ನೀರು ಉಗುರುಬೆಚ್ಚಗೆ ಬರತೊಡಗುತ್ತದೆ, ಮತ್ತೆ ಕಾಯುವವರೆಗೆ ಟಬ್ಬಿನಲ್ಲಿದ್ದ ನೀರೂ ಆರುತ್ತದೆ. 2 ಕಿಲೋವಾಟ್ ಗೀಸರ್ ಆ 50 ಲೀಟರ್ ನೀರನ್ನು ಕಾಯಿಸುವುದಕ್ಕೆ ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಕರೆಂಟು ಎರಡು ಯೂನಿಟ್ ದಾಟುತ್ತದೆ.

ತಾರಸಿಯ ಮೇಲೆ 200 ಲೀಟರ್ ಸೋಲಾರ್ ಇದ್ದರೆ ನೀವು ಆರಾಮ. ಆದರೆ ಮೋಡ ಮುಚ್ಚಿದ ಆಷಾಢದ ದಿನಗಳಿಗೆ ಅದರಲ್ಲಿ ಎಲೆಕ್ಟ್ರಿಕ್ ಕಾಯಿಲ್ ಇದೆಯಾ ಅಂತಲೂ ನೋಡಿಕೊಳ್ಳಿ. ದೊಡ್ಡ ಗೀಸರೂ ಸೋಲಾರೂ ಇಲ್ಲದಿದ್ದರೆ ಟಬ್ಬಿನ ಬಜೆಟ್ಟಿನಲ್ಲೇ ದೊಡ್ಡ ಗೀಸರ್ ಸೇರಿಸಿ. ಅದಕ್ಕೆ ದುಡ್ಡಿಲ್ಲದಿದ್ದರೆ ಟಬ್ಬೇ ಬೇಡ, ಒಳ್ಳೆಯ ಶವರ್ ಹಾಕಿಸಿ. ಇದನ್ನು ಕಡ್ಡಿ ಮುರಿದಂತೆ ಹೇಳುತ್ತೇನೆ.

ನೀರಿನ ಮಾತೂ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಒಂದು ಟಬ್ ಸ್ನಾನದ ನೀರಲ್ಲಿ ಮೂರ್ನಾಲ್ಕು ಜನ ಬಕೆಟ್ ಸ್ನಾನ ಮುಗಿಸಬಹುದು. ಟ್ಯಾಂಕರ್ ನಂಬಿರುವ ಬಡಾವಣೆಯಲ್ಲಿದ್ದರೆ ಚಿಕ್ಕ ಟಬ್ಬನ್ನೇ ಆರಿಸಿ, ವಾರಕ್ಕೊಮ್ಮೆ ಬಳಸಿ. ಸೋಪು ಹಾಕದ ನೀರನ್ನು ನೆಲ ಒರೆಸಲು, ಗಿಡಕ್ಕೆ ಎತ್ತಿಟ್ಟುಕೊಳ್ಳಿ.

ಆಮೇಲೆ ಜಾಗ, ಭಾರ

ಟೇಪು ಹಿಡಿದು ಬಚ್ಚಲಷ್ಟೇ ಅಲ್ಲ, ಲಿಫ್ಟು, ಮೆಟ್ಟಿಲ ತಿರುವು, ಬಚ್ಚಲ ಬಾಗಿಲು ಎಲ್ಲವನ್ನೂ ಅಳೆಯಿರಿ. ಬಚ್ಚಲ ಬಾಗಿಲು ಎರಡೂವರೆ ಅಡಿ ಇರುತ್ತದೆ, ಹಳೇ ಮನೆಗಳಲ್ಲಿ ಅದಕ್ಕಿಂತ ಕಮ್ಮಿ. ಟಬ್ಬನ್ನು ಮಗ್ಗುಲಾಗಿಸಿ ಒಳಗೆ ತರಬಹುದು, ಆದರೆ ತಿರುಗಿಸುವುದಕ್ಕೆ ಜಾಗ ಬೇಕಲ್ವಾ?

ಭಾರದ ವಿಷಯಕ್ಕೆ ಬಂದರೆ, ಮನೆಯ ಬಚ್ಚಲಿನ ನೆಲ ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರುವಂತೆ ವಿನ್ಯಾಸ ಮಾಡಬೇಕೆಂದು ಕಟ್ಟಡಗಳು ಹೊರಬೇಕಾದ ಭಾರದ ಬಗೆಗಿನ ನಮ್ಮ ಭಾರತೀಯ ಮಾನದಂಡ ಐಎಸ್ 875 ಹೇಳುತ್ತದೆ. ಅಕ್ರಿಲಿಕ್ ಟಬ್ 30 ಕೆ.ಜಿ., ನೀರು 120, ಕೂತವರು 70. ಅಲ್ಲಿಗೆ ಒಂದು ಚದರ ಮೀಟರಿನ ಮೇಲೆ 220 ಆಯಿತು. ಉಳಿದ ನೆಲ ಖಾಲಿ ಇರುವುದರಿಂದ ಸಾಧಾರಣ ಟಬ್ಬಿಗೆ ಇದು ನಡೆಯುತ್ತದೆ. ಎರಕದ ಕಬ್ಬಿಣದ ಟಬ್ ಖಾಲಿ ಇದ್ದಾಗಲೇ ನೂರು ಕೆ.ಜಿ. ಮೀರುತ್ತದೆ. ಅಂಥದ್ದು ಬೇಕೆಂದರೆ, ಅಥವಾ ಕಟ್ಟಡ ಹಳೆಯದಾಗಿದ್ದರೆ, ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕೇಳದೆ ಮುಂದುವರಿಯಬೇಡಿ. ಮೇಸ್ತ್ರಿಯ 'ಏನೂ ಆಗಲ್ಲ ಸಾರ್' ಇಲ್ಲಿ ಸಾಲದು.

ಈಗ ಚಪ್ಪಲಿ ಬಿಟ್ಟು ಟಬ್ಬಿಗೆ ಇಳಿಯಿರಿ

ಶೋರೂಮಿನಲ್ಲಿ ಸಂಕೋಚ ಬೇಡ. ಮಲಗುವ ಮಂಚದಷ್ಟೇ ಇದೂ ಮೈಗೆ ಹೊಂದಬೇಕಾದ ವಸ್ತು, ಕ್ಯಾಟಲಾಗ್ ನೋಡಿ ಕೊಳ್ಳುವಂಥದ್ದಲ್ಲ. ಕೂತ ಮೇಲೆ ಕೂಡಲೇ ಏಳಬೇಡಿ, ಐದು ನಿಮಿಷ ಇರಿ.

ಕ್ಯಾಟಲಾಗಿನ 1500 ಅಥವಾ 1700 ಮಿಲಿಮೀಟರ್ ಅನ್ನುವುದು ಹೊರಗಿನ ಅಳತೆ. ಅಂಚು, ಬೆನ್ನಿನ ಇಳಿಜಾರು ಕಳೆದರೆ ತಳದ ಉದ್ದ ಅದಕ್ಕಿಂತ ಒಂದೂವರೆ ಅಡಿಯಷ್ಟು ಕಮ್ಮಿ ಇರಬಹುದು. ನಿಮಗೆ ಬೇಕಾದ್ದು ಆ ತಳದ ಉದ್ದ. ಬೆನ್ನು ಒರಗಿಸಿ ಕಾಲು ಚಾಚಿದಾಗ ಪಾದ ಎದುರಿನ ಗೋಡೆಗೆ ಹಗುರವಾಗಿ ತಾಗಬೇಕು. ತಾಗದಿದ್ದರೆ, ನೀರಿನಲ್ಲಿ ಮೈ ತೇಲುವುದರಿಂದ ಕೆಳಕ್ಕೆ ಜಾರುತ್ತಲೇ ಇರುತ್ತೀರಿ, ಜಾರದಂತೆ ಕತ್ತು ಬಿಗಿ ಹಿಡಿದು ಕೂರಬೇಕಾಗುತ್ತದೆ, ವಿಶ್ರಾಂತಿಗೆ ಅಂತ ಹೋದವರು ಕತ್ತುನೋವು ಹೊತ್ತು ಬರುತ್ತೀರಿ. ಹಾಗಾಗಿ ಐದೂಕಾಲು ಅಡಿ ಎತ್ತರದವರಿಗೆ ಆರಡಿ ಟಬ್ ಸುಖ ಕೊಡುವುದಿಲ್ಲ, ಎಷ್ಟೇ ಚಂದ ಇರಲಿ. ಮನೆಯಲ್ಲಿ ಉದ್ದದವರೂ ಗಿಡ್ಡದವರೂ ಇದ್ದರೆ ಜಾಸ್ತಿ ಬಳಸುವವರ ಅಳತೆಗೆ ಕೊಳ್ಳಿ.

ಬೆನ್ನಿನ ಭಾಗ ತೀರಾ ನೆಟ್ಟಗಿದ್ದರೆ ಅಂಚು ಹೆಗಲ ಮೂಳೆಗೆ ಒತ್ತುತ್ತದೆ. ತೀರಾ ಮಲಗಿದಂತಿದ್ದರೆ ಪುಸ್ತಕ ಓದುವುದಕ್ಕೂ ಆಗುವುದಿಲ್ಲ. ಸೊಂಟದ ಹಿಂದೆ ಟೊಳ್ಳು ಉಳಿಯುತ್ತದೆಯಾ ಅಂತ ಕೈಹಾಕಿ ನೋಡಿ. ಮೊಣಕೈ ಇಡಲು ಜಾಗ ಇದೆಯಾ? ನೀರು ಹೋಗುವ ತೂತು ಸರಿಯಾಗಿ ನೀವು ಕೂರುವ ಜಾಗದಲ್ಲೇ ಬಂದಿದೆಯಾ?

ಆಳವನ್ನು ಅಂಚಿನಿಂದ ಅಳೆಯಬೇಡಿ, ಓವರ್‌ಫ್ಲೋ ತೂತಿನಿಂದ ಅಳೆಯಿರಿ. ನೀರು ನಿಲ್ಲುವುದು ಅಲ್ಲಿಯವರೆಗೆ ಮಾತ್ರ. ತಳದಿಂದ ಅಲ್ಲಿಗೆ 14–15 ಇಂಚಾದರೂ ಇರಲಿ. 12 ಇಂಚಿಗಿಂತ ಕಮ್ಮಿಯಾದರೆ ಮಂಡಿ ಒಂದು ಕಡೆ, ಎದೆ ಒಂದು ಕಡೆ ತಣ್ಣಗೆ ಹೊರಗುಳಿಯುತ್ತವೆ.

ಕೊನೆಗೆ ಏಳುವಾಗ ಗಮನಿಸಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಅಂಚು ದಾಟುವುದು ಅವರಿಂದ ಆಗುತ್ತದೆಯಾ ನೋಡಿ. ಗೋಡೆಗೆ ಹಿಡಿಕೆಯ ಸರಳು ಹಾಕಿಸಲೇಬೇಕು. ಟವೆಲ್ ರಾಡು ಮೈಭಾರ ತಡೆಯುವುದಿಲ್ಲ.

ಯಾವುದರಿಂದ ಮಾಡಿದ್ದು?

ಹೆಚ್ಚಿನ ಮನೆಗಳಿಗೆ ಅಕ್ರಿಲಿಕ್ ಸಾಕು. ಮುಟ್ಟಿದರೆ ತಣ್ಣಗಿರುವುದಿಲ್ಲ, ಸಣ್ಣ ಗೀರು ಬಿದ್ದರೆ ಪಾಲಿಶ್ ಮಾಡಬಹುದು. ತಳದ ಮೇಲೆ ನಿಂತು ಒತ್ತಿ ನೋಡಿ, ಬಾಗಿದರೆ ಬೇಡ. ಬರೀ ಫೈಬರ್‌ನದ್ದು ಅಗ್ಗ, ಆದರೆ ಬೇಗ ಮಂಕಾಗುತ್ತದೆ. ನೀರನ್ನು ರಭಸವಾಗಿ ಚಿಮ್ಮಿಸುವ ಜಕೂಜಿ ತರಹದ ಜೆಟ್‌ಗಳನ್ನು ಬೋರ್‌ವೆಲ್ ನೀರಿನ ಮನೆಗೆ ನಾನು ಹೇಳುವುದಿಲ್ಲ, ಗಡಸು ನೀರಿನ ಬಿಳಿ ಸುಣ್ಣ ಅದರ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಆದರೂ ಬೇಕೆಂದರೆ ಸರಿಯಾದ ಅರ್ಥಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಲೈನ್ ಕತ್ತರಿಸುವ ಸಾಧನ) ಇಲ್ಲದೆ ಸ್ವಿಚ್ ಹಾಕಬೇಡಿ.

ಎಣ್ಣೆಸ್ನಾನ ಮಾಡುವ ಮನೆಯವರಿಗೆ ಇನ್ನೊಂದು ಮಾತು. ಎಣ್ಣೆ ಮೈಯಲ್ಲಿ ಟಬ್ಬಿಗೆ ಇಳಿಯುವುದು ಅಪಾಯ, ಕಾಲು ನಿಲ್ಲುವುದಿಲ್ಲ. ಸೀಗೆಪುಡಿ ಟಬ್ಬಿನ ಕೆಳಗಿನ ಟ್ರ್ಯಾಪಿನಲ್ಲಿ, ಅಂದರೆ ನೀರು ಹೋಗುವ ಪೈಪಿನ ಬಾಗಿನಲ್ಲಿ, ಕೂತು ಕಟ್ಟುತ್ತದೆ. ಪಕ್ಕದಲ್ಲಿ ಮಣೆ ಹಾಕಿ ಕೂರುವಷ್ಟು ನೆಲ, ಬಕೆಟ್ಟಿಗೆ ಬೇರೆಯೇ ಒಂದು ನಲ್ಲಿ ಬಿಟ್ಟುಕೊಂಡೇ ಟಬ್ ಇಡಿಸಿ.

ಕೂರಿಸುವಾಗ

ವಾಟರ್‌ಪ್ರೂಫಿಂಗ್ ಆದ ಮೇಲೆ ಸಂಕನ್ ಸ್ಲ್ಯಾಬಿನಲ್ಲಿ (ಬಚ್ಚಲಿಗಾಗಿ ತಗ್ಗಿಸಿ ಹಾಕಿದ ನೆಲದಲ್ಲಿ) 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಸೀಲಿಂಗ್ ನೋಡಿ ಬನ್ನಿ. ಟಬ್ಬಿನ ಸುತ್ತ ಇಟ್ಟಿಗೆ ಕಟ್ಟಿಸುವುದಾದರೆ ಟ್ರ್ಯಾಪಿಗೆ ಕೈ ಹೋಗುವಂತೆ ಒಂದು ಚಿಕ್ಕ ಬಾಗಿಲು ಬಿಡಿಸಿ, ಇಲ್ಲದಿದ್ದರೆ ಸೋರಿದ ದಿನ ಗ್ರಾನೈಟ್ ಒಡೆಯಬೇಕಾಗುತ್ತದೆ. ಅಂಚಿಗೆ ಸಿಲಿಕೋನ್ ಹಚ್ಚುವಾಗ ಟಬ್ ತುಂಬ ನೀರಿರಲಿ. ಭಾರಕ್ಕೆ ಟಬ್ ಎಷ್ಟು ಕೆಳಗಿಳಿಯುತ್ತದೋ ಅಷ್ಟು ಇಳಿದಿರುವಾಗಲೇ ಸಂದು ಮುಚ್ಚಬೇಕು, ಖಾಲಿ ಇದ್ದಾಗ ಹಚ್ಚಿದರೆ ತುಂಬಿದ ದಿನ ಬಿಟ್ಟುಕೊಳ್ಳುತ್ತದೆ. ಒಂದು ದಿನ ಪೂರ್ತಿ ಒಣಗಿದ ಮೇಲೆ ಟಬ್ಬಿನ ನೀರು ಹೊರಬಿಡಿ.